ಗುಂಡಮ್ಮನ ಕೊರಳಿಗೆ ಯಾರ ಬಣ್ಣ

ಮೊಲದ ಕೊರಳು ನೀಲಿಯಾದ ದಿನ ಮನೆಯವರೆಲ್ಲ ಮೊದಲು ನೋಡಿದ್ದು ನನ್ನ ಕೈಗಳನ್ನು. ನಾನು ಗೋಡೆ, ಬಾಗಿಲುಗಳಿಗೆ ಬಣ್ಣ ಹೊಡೆಯುವವನು. ಆ ವಾರ ಒಂದು ಶಾಲೆಯ ಕಿಟಕಿಗಳಿಗೆ ಹಸಿರು ಬೆರೆತ ನೀಲಿ ಬಳಿಯುತ್ತಿದ್ದೆ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಅದು ಉಳಿದೇ ಉಳಿಯುತ್ತದೆ. ಮೊಲದ ಗದ್ದದ ಕೆಳಗೂ ಹೆಚ್ಚುಕಡಿಮೆ ಅದೇ ಬಣ್ಣ.

ಮೊಲ ಅಕ್ಕನ ಮಗಳದು. ಹಾಲಿನಂಥ ಬಿಳುಪು, ಕೂತರೆ ಥೇಟ್ ದಿಂಬು. ಕೊರಳ ಕೆಳಗೆ ಹಸುವಿನ ಗಂಗೆದೊಗಲಿನ ಹಾಗೆ ಚರ್ಮ ಮಡಿಕೆ ಬಿದ್ದು ಜೋಲುತ್ತದೆ. ಅದಕ್ಕೇ ಗುಂಡಮ್ಮ ಎಂದು ಹೆಸರು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ನಾನಿದ್ದೇನೆ, ನನ್ನ ಬಣ್ಣದ ಡಬ್ಬಗಳಿವೆ, ಮೊಲದ ಗೂಡೂ ಅಲ್ಲೇ ಇದೆ. ಹೋದ ತಿಂಗಳು ಅದು ನನ್ನ ಒಳ್ಳೆಯ ಬ್ರಷ್ಷಿನ ಹಿಡಿಯನ್ನು ಕಡಿದು ಪುಡಿ ಮಾಡಿತ್ತು. "ಇನ್ನೊಂದ್ ಸಲ ಕಡಿ, ನಿನಗೂ ಒಂದ್ ಕೋಟ್ ಹೊಡೀತೀನಿ" ಅಂದಿದ್ದೆ. ಆಗ ಎಲ್ಲರೂ ನಕ್ಕಿದ್ದರು. ಈಗ ಆ ನಗು ಯಾರಿಗೂ ನೆನಪಿರಲಿಲ್ಲ, ಮಾತು ಮಾತ್ರ ನೆನಪಿತ್ತು.

ಸಂಜೆ ಕೆಲಸದಿಂದ ಬಂದಾಗ ಕೋಣೆಯೆಲ್ಲ ಥಿನ್ನರ್ ವಾಸನೆ. ಅಕ್ಕನ ಕೈಯಲ್ಲಿ ಹಳೇ ಬಟ್ಟೆಯ ಚೂರು. ಮಗಳು ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದಳು. ಭಾವ ಬಾಗಿಲಿಗೆ ಒರಗಿ ನಿಂತಿದ್ದ.

"ಏನಾಗಿದೆ ಅದಕ್ಕೆ?" ಅಂದೆ.

"ನೀನೇ ಹೇಳಪ್ಪ," ಅಂದಳು ಅಕ್ಕ. "ಅರ್ಧ ಬಾಟ್ಲಿ ಥಿನ್ನರ್ ಹಾಕಿ ಒರೆಸಿದೀನಿ. ಹೋಗ್ತಾನೇ ಇಲ್ಲ."

"ನನ್ನ ಬಣ್ಣ ಆಗಿದ್ರೆ ಥಿನ್ನರ್‌ಗೆ ಹೋಗ್ಬೇಕಿತ್ತು."

"ಹೋಗದೇ ಇರೋ ಬಣ್ಣಾನೂ ನಿನ್ನ ಹತ್ರ ಇರತ್ತೆ," ಅಂದ ಭಾವ.

ನಾನು ಯಾಕೋ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಭಾವ ಅದನ್ನೇ ಕಾಯುತ್ತಿದ್ದವನಂತೆ ಹೆಂಡತಿಯ ಕಡೆ ತಿರುಗಿದ. "ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ."

ನನಗೆ ಪಿತ್ತ ನೆತ್ತಿಗೇರಿತು. ಭಾವನದು ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರುಗಳನ್ನು ಪೇರಿಸಲು ಜಾಗವಿಲ್ಲವೆಂದು ವರ್ಷದಿಂದ ನನ್ನ ಕೋಣೆಯ ಮೇಲೆ ಅವನ ಕಣ್ಣು. ನನ್ನ ಹೆಸರಿನಲ್ಲಿ ಮೊಲಕ್ಕೆ ಶಾಯಿ ಬಳಿದರೆ ಕೋಣೆ ತಾನಾಗಿ ಖಾಲಿಯಾಗುತ್ತದಲ್ಲ. ಯೋಚಿಸಿದಷ್ಟೂ ಅದೇ ಸರಿ ಅನ್ನಿಸಿತು. ನನ್ನ ಬಾಯಿಗೆ ಬೀಗವಿಲ್ಲ, ಬಳಿದವನು ನೀನೇ ಅಂತ ಅಂದೇಬಿಟ್ಟೆ. ಅವನೂ ಬಿಡಲಿಲ್ಲ. ಅಕ್ಕ ಇಬ್ಬರ ನಡುವೆ ನಿಂತು, "ನಿನ್ನ ಡಬ್ಬ ಎಲ್ಲ ಅಂಗಳಕ್ಕೆ ಹಾಕು. ನಿನಗೂ ಬೇರೆ ಕಡೆ ನೋಡ್ಕೋ" ಅಂದಳು. ನನ್ನ ಒಡಹುಟ್ಟಿದವಳು.

ಅದಕ್ಕಿಂತ ಹೆಚ್ಚು ತಾಗಿದ್ದು ಇನ್ನೊಂದು. ಮೊಲವನ್ನು ನೋಡೋಣವೆಂದು ಕೈ ಚಾಚಿದೆ. ಹುಡುಗಿ ಅದನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಅವಳು ನಡೆಯಲು ಕಲಿತದ್ದು ನನ್ನ ಬೆರಳು ಹಿಡಿದು.

"ಕಣ್ಣಲ್ಲೇ ನೋಡ್ತೀನಿ, ಮುಟ್ಟಲ್ಲ," ಅಂದೆ. ಅವಳು ಟವೆಲ್ಲು ಸ್ವಲ್ಪ ಸರಿಸಿದಳು. ಕೊರಳ ಕೂದಲು ಜಡೆಗಟ್ಟಿ ಅಂಟಿಕೊಂಡಿತ್ತು. ಥಿನ್ನರ್ ಉಜ್ಜಿದ ಕಡೆ ಚರ್ಮ ಕೆಂಡದ ಹಾಗೆ ಕೆಂಪು. ಥಿನ್ನರ್ ವಾಸನೆಯ ಅಡಿಯಲ್ಲಿ ಇನ್ನೊಂದು ಕೊಳೆತ ವಾಸನೆಯೂ ಇತ್ತು. ಬೆಳಗ್ಗೆ ಹಾಕಿದ ಸೊಪ್ಪು ಗೂಡಿನಲ್ಲಿ ಹಾಗೇ ಬಾಡಿ ಬಿದ್ದಿತ್ತು.

"ಬೈದಾಟ ಆಮೇಲೆ ಇಟ್ಕೊಳ್ಳೋಣ," ಅಂದೆ. "ಡಾಕ್ಟ್ರ ಹತ್ರ ನಡಿ."

"ನಾನೂ ಬರ್ತೀನಿ," ಅಂದ ಭಾವ. "ಅಲ್ಲಿ ಏನು ಕಥೆ ಕಟ್ತೀಯೋ ಕೇಳ್ಬೇಕು."

ಅಕ್ಕ ಮನೆಯಲ್ಲೇ ಉಳಿದಳು. ಪ್ರಾಣಿಗಳ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡ ಗಟ್ಟಿ ಹೆಂಗಸು. ಮೊಲದ ಕೊರಳು ನೋಡಿದಳು, ನನ್ನ ಉಗುರು ನೋಡಿದಳು.

"ಪೇಂಟ್ ಕೆಲಸಾನಾ? ಏನಾದ್ರೂ ಚೆಲ್ಲಿತಾ? ನಿಜ ಹೇಳಿ, ಬೈಯಲ್ಲ."

ಭಾವ ಗಂಟಲು ಸರಿಮಾಡಿಕೊಂಡ. ನಾನು ಹಲ್ಲು ಕಚ್ಚಿ, "ನೀವೇ ನೋಡಿ ಹೇಳಿ" ಅಂದೆ.

ಅವಳು ಬೆರಳಿನಿಂದ ಕೂದಲು ಬಿಡಿಸಿ ಬುಡ ನೋಡಿದಳು. ಬಗ್ಗಿ ಮೂಸಿದಳು. ಹತ್ತಿ ಸುತ್ತಿದ ಕಡ್ಡಿಯಿಂದ ಗಾಯ ಒರೆಸಿ ಅದನ್ನು ಒಂದು ಕೊಳವೆಯಲ್ಲಿಟ್ಟಳು. ಆಮೇಲೆ ಸಣ್ಣ ಮೆಷೀನಿನಿಂದ ಕೊರಳ ಕೂದಲನ್ನು ಬೋಳಿಸಿದಳು. ಅಡಿಯಲ್ಲಿ ಚರ್ಮದಿಂದ ರಸ ಸೋರುತ್ತಿತ್ತು.

"ಇದನ್ನ ಯಾರೂ ಬಳಿದಿಲ್ಲ," ಅಂದಳು. "ಪೇಂಟ್ ಆಗಿದ್ರೆ ಕೂದಲ ಮೇಲೆ ಕೂತು ಒಣಗಿರೋದು. ಇದು ಬುಡದಲ್ಲಿ ಒದ್ದೆಯಾಗಿ ಕೊಳೆತಿರೋದು. ಹೀಗೆ ಒದ್ದೆ ಇರೋ ಕಡೆ ಒಂದು ಜಾತಿ ಬ್ಯಾಕ್ಟೀರಿಯಾ ಸೇರ್ಕೊಳ್ಳತ್ತೆ. ಬಣ್ಣ ಅದು ಬಿಡೋದು."

"ಬ್ಯಾಕ್ಟೀರಿಯಾಗೆ ಇವನ ಡಬ್ಬದ ಬಣ್ಣಾನೇ ಬೇಕಿತ್ತಾ?" ಅಂದ ಭಾವ.

"ಇವರ ಡಬ್ಬಕ್ಕಿಂತ ಹಳೇದು ಅದು. ಪುಟ್ಟಿ, ನೀರು ಯಾವುದ್ರಲ್ಲಿ ಇಡ್ತೀಯ?"

"ಬೋಗುಣಿಲಿ," ಅಂದಳು ಹುಡುಗಿ. "ಸೆಕೆ ಅಂತ ದೊಡ್ಡದು ಇಟ್ಟೆ."

"ಕುಡಿಯೋವಾಗೆಲ್ಲ ಈ ಜೋಲು ಮಡಿಕೆ ನೀರಲ್ಲಿ ಮುಳುಗತ್ತೆ. ಒಣಗೋ ಮುಂಚೆ ಮತ್ತೆ ಮುಳುಗತ್ತೆ. ಹಲ್ಲು ಬೆಳೆದು ಜೊಲ್ಲು ಸುರಿದ್ರೂ ಹೀಗಾಗತ್ತೆ, ನೋಡೋಣ." ದೀಪದ ಕೊಳವೆ ಇಟ್ಟು ದವಡೆ ಹಲ್ಲು ನೋಡಿದಳು. ಹಲ್ಲು ಸರಿಯಿತ್ತು, ಅಂದರೆ ಕಾರಣ ಬೋಗುಣಿಯೇ. ಹುಡುಗಿಯ ಮುಖ ಸಪ್ಪಗಾಯಿತು.

"ಆದ್ರೆ ಈ ಸುಟ್ಟಿರೋದು ಬೇರೆ," ಅಂದಳು ಡಾಕ್ಟರು. "ಏನು ಹಾಕಿದ್ರಿ?"

"ಥಿನ್ನರ್."

"ಯಾರು?"

ಭಾವ ಮೇಲಿನ ಫ್ಯಾನನ್ನು ನೋಡತೊಡಗಿದ, ಅದನ್ನು ಈಗಲೇ ಬಿಚ್ಚಿ ರಿಪೇರಿ ಮಾಡುವವನ ಹಾಗೆ.

"ಮನೇಲಿ," ಅಂದೆ. ಅಷ್ಟೇ ಅಂದೆ. ಹುಡುಗಿ ಮೊದಲ ಸಲ ನನ್ನ ಮುಖ ನೋಡಿದಳು.

ಡಾಕ್ಟರು ನನಗೇ ಬೈದಳು. ಆಮೇಲೆ ಮಾಡಬೇಕಾದ್ದನ್ನು ಹೇಳಿದಳು. ಬೋಗುಣಿ ತೆಗೆದು ನಳಿಗೆಯ ಬಾಟಲಿ ಕಟ್ಟಬೇಕು. ಅದರಲ್ಲಿ ಕುಡಿಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕು. ದಿನಕ್ಕೆರಡು ಸಲ ಔಷಧಿ ನೀರಿನಿಂದ ಗಾಯ ಒರೆಸಿ, ಒತ್ತಿ ಒಣಗಿಸಬೇಕು, ಉಜ್ಜಬಾರದು. ಮೊಲ ನೆಕ್ಕುತ್ತದೆ, ಜಿಡ್ಡಿನ ಮುಲಾಮು ಹಚ್ಚಬಾರದು. ಗೂಡಿನ ಹುಲ್ಲು ಒಣಗಿರಬೇಕು. ತಿನ್ನುವುದನ್ನು ನಿಲ್ಲಿಸಿದರೆ ಕಾಯದೆ ಕರೆತರಬೇಕು. "ಮನೇಲಿ ಉಳಿದಿರೋ ಮನುಷ್ಯರ ಮಾತ್ರೆ ಪುಡಿ ಮಾಡಿ ಕೊಡ್ಬೇಡಿ. ಕೆಲವು ಮಾತ್ರೆಗೆ ಮೊಲದ ಹೊಟ್ಟೆ ಕೆಟ್ಟು ಜೀವಾನೇ ಹೋಗತ್ತೆ. ನಾನು ಕೊಟ್ಟಿದ್ದು ಮಾತ್ರ." ಒಂದು ಸೂಜಿ ಹಾಕಿ, "ಒಬ್ರು ಹಿಡೀಬೇಕು, ಒಬ್ರು ಒರೆಸ್ಬೇಕು. ಒಬ್ರಿಂದ ಆಗಲ್ಲ" ಅಂದಳು.

ಮನೆಗೆ ಬಂದು ಹುಡುಗಿ ಎಲ್ಲವನ್ನೂ ಅಮ್ಮನಿಗೆ ಒಪ್ಪಿಸಿದಳು. ಅಕ್ಕ ಥಿನ್ನರ್ ಮಾತು ಬಂದಾಗ ಒಲೆಯ ಕಡೆ ತಿರುಗಿಕೊಂಡಳು. ತಪ್ಪಾಯ್ತು ಅನ್ನಲಿಲ್ಲ. ನನಗೆ ರೇಗಿತು. "ಇದರ ಕೂದಲು ಪೂರ್ತಿ ಬರೋವರೆಗೆ ಇರ್ತೀನಿ. ಬಂದ ದಿನ ಹೊರಡ್ತೀನಿ," ಅಂದೆ. ಯಾರೂ ಬೇಡ ಅನ್ನಲಿಲ್ಲ. ಭಾವ ಕೋಣೆಯ ಉದ್ದಗಲವನ್ನು ಕಣ್ಣಲ್ಲೇ ಅಳೆದ.

ಅಂದಿನಿಂದ ಮೊಲ ಹಿಡಿಯುವವನು ನಾನು, ಒರೆಸುವವಳು ಅವಳು. ಮೊದಮೊದಲು ಭಾವ ಬಾಗಿಲಲ್ಲಿ ನಿಂತು, "ಕೈ ತೊಳೆದ್ಯಾ? ತೋರಿಸು" ಅನ್ನುತ್ತಿದ್ದ. ಗುಂಡಮ್ಮ ನನ್ನ ಹೊಟ್ಟೆಗೆ ಒದೆಯುತ್ತಿದ್ದಳು. ಹುಡುಗಿ, "ಮಾವ, ಬಿಗಿ ಹಿಡೀಬೇಡ, ಬೆನ್ನು ಉಳುಕತ್ತೆ" ಅಂತ ನನಗೇ ಪಾಠ ಹೇಳುತ್ತಿದ್ದಳು. ರಸ ನಿಂತಿತು, ಕೆಂಪು ಇಳಿಯಿತು, ಮೊಲ ಸೊಪ್ಪಿಗೆ ಬಾಯಿ ಹಾಕಿತು. ಬೋಳು ಚರ್ಮದ ಮೇಲೆ ಬಿಳಿ ಕೂದಲು ಮೊಳೆಯಿತು.

ಮೊಳೆತದ್ದು ಮಾತ್ರ ಒಂದು ಕಡೆ ಬೆಳೆಯಲಿಲ್ಲ. ಎರಡು ಬೆರಳಗಲದ ಜಾಗ ಹಾಗೇ ಕುಳ್ಳಗೆ ಉಳಿಯಿತು. ನಾನು ಬ್ರಷ್ಷಿನವನು. ತಾನಾಗಿ ಬೆಳೆದ ಕೂದಲಿನ ತುದಿ ಚೂಪಾಗಿರುತ್ತದೆ, ಕತ್ತರಿಸಿದ್ದು ಮೊಂಡಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ಮೊಂಡು, ಅದೂ ಏರುಪೇರು; ಡಾಕ್ಟರ ಮೆಷೀನಿನದಾಗಿದ್ದರೆ ಒಂದೇ ಸಮ ಇರುತ್ತಿತ್ತು. ಯಾರೋ ಕತ್ತರಿಸುತ್ತಿದ್ದಾರೆ.

"ನೀನಾ?" ಅಂತ ಹುಡುಗಿಯನ್ನು ಕೇಳಿದೆ.

"ನಾನ್ಯಾಕೆ ಕತ್ತರಿಸ್ಲಿ? ಔಷಧಿ ಸಾಕಾಗಿದೆ ನಂಗೆ." ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಭಾವ ಅಂತೂ ಅಲ್ಲ, ಕೂದಲು ಬೇಗ ಬರಲಿ ಎಂದು ಕಾಯುವವನು ಅವನೊಬ್ಬನೇ.

ಮರುದಿನ ಕೆಲಸ ಬೇಗ ಮುಗಿಯಿತು. ಹಿಂಬಾಗಿಲಿನಿಂದ ಬಂದೆ. ಗೂಡಿನ ಪಕ್ಕ ಅಕ್ಕ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಗುಂಡಮ್ಮ, ಕೈಯಲ್ಲಿ ಉಗುರು ಕತ್ತರಿ, ಸೀರೆಯ ಮೇಲೆ ಬಿಳಿ ಕೂದಲು. ನನ್ನನ್ನು ಕಂಡು ಕತ್ತರಿಯನ್ನು ಸೆರಗಿನಡಿ ಸರಿಸಿದಳು.

"ಇಲ್ಲೊಂಚೂರು ಇನ್ನೂ ಒದ್ದೆ ಅನ್ನಿಸ್ತು," ಅಂದಳು. "ಡಾಕ್ಟ್ರು ಒದ್ದೆ ಬಿಡಬಾರ್ದು ಅಂದಿದ್ರಂತಲ್ಲ."

ಕೂತು ಮುಟ್ಟಿ ನೋಡಿದೆ. ಎಲ್ಲೂ ಹನಿ ತೇವವಿರಲಿಲ್ಲ.

"ಹೌದು, ಒದ್ದೆ ಇದೆ," ಅಂದೆ. "ಕತ್ತರಿ ಹಂಗ್ ಹಿಡೀಬೇಡ, ಚರ್ಮಕ್ಕೆ ತಾಗತ್ತೆ. ಕೊಡಿಲ್ಲಿ."