ಅತ್ತೆಯ ಬೆರಕೆ ಕ್ರೀಮು

ನಮ್ಮತ್ತೆ ಬಟ್ಟೆ ಹೊಲಿಯುತ್ತಾರೆ. ಬಟ್ಟೆಯ ಚೂರು, ದಾರದ ತುದಿ, ಸವೆದ ಸೋಪಿನ ಚಕ್ಕೆ, ಯಾವುದನ್ನೂ ಎಸೆಯುವವರಲ್ಲ. ಒಂದಕ್ಕೊಂದು ಜೋಡಿಸಿ ಹೊಸದು ಮಾಡುತ್ತಾರೆ. ನಾನು ಬೇರೆ ಥರ. ಮುಖದ ಕ್ರೀಮು ತಂದರೆ ಮೊದಲು ಡಬ್ಬಿಯ ಸಣ್ಣಕ್ಷರಗಳನ್ನೆಲ್ಲ ಓದಬೇಕು, ಆಮೇಲೆ ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾಯಬೇಕು. ಕುಡಿಯುವ ನೀರನ್ನೂ ಇವಳು ಕಿವಿ ಹಿಂದೆ ಹಚ್ಚಿ ನೋಡ್ತಾಳೆ ಎಂದು ಅತ್ತೆ ಗಿರಾಕಿಗಳ ಮುಂದೆ ನನ್ನ ಕಾಲೆಳೆಯುತ್ತಾರೆ.

ಶನಿವಾರ ಬೆಳಗ್ಗೆ ಹೊಲಿಗೆಯಂತ್ರದ ಸದ್ದಿರಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಅತ್ತೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದರು. ಸರಿಸಿದೆ. ಕೆನ್ನೆ ಕೆಂಪಾಗಿ, ಬಾಯಿಯ ಸುತ್ತ ಸಿಪ್ಪೆ ಎದ್ದಿತ್ತು.

"ನಾಳೆ ಅವಳಿಗೆ ಬರಬೇಡ ಅಂತ ಹೇಳಿಬಿಡು," ಎಂದರು. "ಜ್ವರ ಅನ್ನು."

ಅವಳು ಎಂದರೆ ಮರುದಿನ ಮನೆಗೆ ಬರಲಿದ್ದ ಅತ್ತೆಯ ಗೆಳತಿ. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಯಂತ್ರದಲ್ಲಿ ಸರದಿಯ ಮೇಲೆ ಹೊಲಿಗೆ ಕಲಿತವರು. ಅತ್ತೆಯ ಮದುವೆಯಾದ ಮೇಲೆ ಭೇಟಿಯೇ ಆಗಿರಲಿಲ್ಲ. ಅವಳೆದುರು ಚೆನ್ನಾಗಿ ಕಾಣಬೇಕೆಂದು, ನಾನು ಎಸೆದ ಸೀಸೆಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದೇ ಡಬ್ಬಿಗೆ ಬಸಿದು, ಕಲಸಿ, ವಾರವಿಡೀ ಹಚ್ಚಿಕೊಂಡಿದ್ದರು.

ಸೀಸೆಗಳು ಯಂತ್ರದ ಕೆಳಗೇ ಇದ್ದವು. ಒಂದೊಂದನ್ನೇ ಓದಿ ಹೇಳಿದೆ. ರೆಟಿನಾಲ್ ಹಳೆಯ ಚರ್ಮವನ್ನು ಬೇಗ ಕಳಚಿ ಹೊಸದನ್ನು ತರುತ್ತದೆ, ಸುಕ್ಕು ತಗ್ಗಿಸುತ್ತದೆ. ಸ್ಯಾಲಿಸಿಲಿಕ್ ಆಮ್ಲ ಕಟ್ಟಿಕೊಂಡು ಮೊಡವೆಯೇಳಿಸುವ ರಂಧ್ರಗಳನ್ನು ಬಿಡಿಸುತ್ತದೆ. ವಿಟಮಿನ್ ಸಿ ಕಲೆ ತಿಳಿಯಾಗಿಸುತ್ತದೆ. ಒಂದೊಂದೂ ಒಳ್ಳೆಯದೇ, ಸ್ವಲ್ಪಸ್ವಲ್ಪವಾಗಿ ಹಚ್ಚಿ ಅಭ್ಯಾಸ ಮಾಡಿಕೊಂಡರೆ. ಎಲ್ಲ ಒಟ್ಟಿಗೆ ಬಿದ್ದರೆ ಚರ್ಮ ತಾಳುವುದಿಲ್ಲ.

ಅತ್ತೆ ಯೋಚಿಸಿದರು. "ಅಂದ್ರೆ ಇರೋ ಹೊಲಿಗೆನೆಲ್ಲ ಒಂದೇ ಸಲ ಬಿಚ್ಚಿಬಿಟ್ಟೆ."

"ಹೂಂ ಅತ್ತೆ. ಈಗ ಮತ್ತೆ ಹಾಕೋಣ."

ಗುಳ್ಳೆಯಾಗಲಿ ಊತವಾಗಲಿ ಇಲ್ಲವೆಂದು ಬೆಳಕಿನಲ್ಲಿ ಮತ್ತೆ ಮತ್ತೆ ನೋಡಿದೆ. ಇದ್ದಿದ್ದರೆ ನೇರ ಡಾಕ್ಟರ ಬಳಿಗೇ. ತಣ್ಣೀರಿನಿಂದ ಮೆಲ್ಲಗೆ ತೊಳೆದೆ. ನೀರನ್ನು ಹಿಡಿದಿಡುವ ಗ್ಲಿಸರಿನ್, ಚರ್ಮದ ಪದರವನ್ನು ಮತ್ತೆ ಕೂಡಿಸುವ ಸೆರಮೈಡ್ ಎರಡೂ ಇರುವ, ಪರಿಮಳವಿಲ್ಲದ ಕ್ರೀಮು ನನ್ನಲ್ಲಿತ್ತು. ಇಡೀ ದಿನ ಕಾಯಲು ಹೊತ್ತಿರಲಿಲ್ಲವಾದರೂ ಮೊದಲು ಅವರ ಕಿವಿಯ ಹಿಂದೆ ಚೂರು ಹಚ್ಚಿ ಕಾದೆ. ಅತ್ತೆ ನಗಲಿಲ್ಲ. ಮಧ್ಯಾಹ್ನ ಕಳೆದು ಉರಿ ಕಾಣದಿದ್ದಾಗ ಕಣ್ಣು ಮುಚ್ಚಿ ಮುಖವನ್ನು ನನ್ನತ್ತ ಎತ್ತಿದರು. ಈ ಮನೆಗೆ ಬಂದ ಮೇಲೆ ಆ ಮುಖವನ್ನು ನಾನು ಮುಟ್ಟಿದ್ದು ಅದೇ ಮೊದಲು. ಕ್ರೀಮಿನ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದೆ, ತೇವ ಆರಿಹೋಗದಂತೆ.

ಸಂಜೆಗೆ ಉರಿ ತಗ್ಗಿತು. ಕೆಂಪು ತಗ್ಗಲಿಲ್ಲ. ಗೆಳತಿಗೆ ಫೋನ್ ಮಾಡಲೇ ಎಂದು ಕೇಳಿದೆ.

ಅತ್ತೆ ಕನ್ನಡಿಯನ್ನು ಕವುಚಿಟ್ಟರು. "ಬೇಡ. ಬರ್ಲಿ."

ಭಾನುವಾರ ಗೆಳತಿ ಬಂದರು. ಹೊಸಿಲಲ್ಲೇ ನಿಂತು ಅತ್ತೆಯ ಮುಖವನ್ನು ದಿಟ್ಟಿಸಿದರು.

"ನೀನು ಹೊಲಿದ ಮೊದಲನೇ ಲಂಗಕ್ಕಿಂತ ವಾಸಿ ಇದೆ ಬಿಡೇ," ಎಂದರು.

"ನಗಿಸ್ಬೇಡ ಕಣೇ, ಉರಿಯುತ್ತೆ," ಎನ್ನುತ್ತಲೇ ಅತ್ತೆ ನಕ್ಕರು. ಕೈ ಹಿಡಿದು ಒಳಗೆ ಕೂರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಗೆಳತಿ ತಮ್ಮ ಚರ್ಮ ಒಡೆದ ಬೆರಳುಗಳನ್ನು ತೋರಿಸಿ, ಇದಕ್ಕೇನಾದರೂ ಇದೆಯಾ ಎಂದರು.

ಅತ್ತೆ ನನ್ನ ಕಡೆ ತಿರುಗಿದರು. "ನನ್ನ ಸೊಸೆ ಹಚ್ತಾಳೆ. ಮೊದ್ಲು ಕಿವಿ ಹಿಂದೆ ಹಚ್ಚಿ ಕಾಯಿಸ್ತಾಳೆ, ಸುಮ್ನೆ ಕೂತಿರು."