ಅಕ್ಕ ಕೊಟ್ಟ ಹಿಡಿ ಅವರೆ

ಇನ್ನು ನೂರು ವರ್ಷಕ್ಕೆ ಜನ ಏನು ತಿನ್ನುತ್ತಾರೆ ಎಂದು ಅನು ಕೇಳಿದಾಗ ನಾನು ನಕ್ಕುಬಿಟ್ಟೆ. ಸಂಜೆಗೆ ಏನು ಸಾರು ಮಾಡಬೇಕೆಂದು ಬೆಳಗ್ಗೆಯಿಂದ ತಲೆ ಕೆಡಿಸಿಕೊಳ್ಳುವವಳು ನಾನು. ನೂರು ವರ್ಷದಾಚೆಯ ಸಾರಿನ ಗೊಡವೆ ನನಗೇಕೆ? ಆದರೆ ಆ ಹುಡುಗಿ ನಗಲಿಲ್ಲ. ಧಾರವಾಡದ ಕಡೆಯವಳು, ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ಕಾಲೊನಿಯ ಹೆಂಗಸರನ್ನೆಲ್ಲ ಸೇರಿಸಿ ಮುಂದಿನ ಕಾಲದ ಊಟದ ಪ್ರದರ್ಶನ ಮಾಡಬೇಕೆಂಬ ಹುಚ್ಚು ಅವಳಿಗೆ. ಅದಕ್ಕಾಗಿ ನಮ್ಮ ಬೂದಿಕೋಟೆಯವರೆಗೆ ಬಸ್ಸಿನಲ್ಲಿ ಬಂದು, ನನ್ನ ಹೊಲದ ಬದುವಿನ ಮೇಲೆ ಸೀರೆ ಮುದುರಿಕೊಂಡು ಕೂತಿದ್ದಳು.

"ನಿಮ್ಮ ಅವರಿಕಾಯಿ ಸೊಗಡು ಬಾಳ ಹೆಸರಾಗಿತ್ತಂತ್ರೀ. ಈಗ ಯಾಕ ಇಲ್ಲರಿ?"

ನೋವಿದ್ದ ಜಾಗಕ್ಕೇ ಕೈಯಿಟ್ಟಳು. ನಮ್ಮ ಅಮ್ಮನ ಅವರೆಕಾಯಿ ಬಿಡಿಸಿದರೆ ಕೈಗೆ ಎಣ್ಣೆಯಂಥ ಜಿಡ್ಡು ಹತ್ತುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಬಸ್ಸು ಹತ್ತಿದರೆ ಪಕ್ಕದ ಸೀಟಿನವರು ಮೂಗರಳಿಸಿ, ಯಾವ ಊರಿನ ಕಾಯಿ ಎಂದು ವಿಚಾರಿಸುತ್ತಿದ್ದರು. ಆ ಸೊಗಡು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದು, ಹೋದ ವರ್ಷ ಹೇಳಹೆಸರಿಲ್ಲದಂತೆ ಹೋಯಿತು. ಕಾಯೇನೋ ಮೊದಲಿಗಿಂತ ಜಾಸ್ತಿ, ಗೊಂಚಲು ಗೊಂಚಲು. ಬಿಡಿಸಿದ ಕೈಯಲ್ಲಿ ಮಾತ್ರ ಬರೀ ಹಸಿ ಸೊಪ್ಪಿನ ವಾಸನೆ.

"ಇಬ್ಬನಿ ಎಲ್ಲಮ್ಮ ಬೀಳ್ತದೆ ಈಗ? ಧನುರ್ಮಾಸದಾಗೂ ಫ್ಯಾನ್ ಆಕ್ಕೊಂಡು ಮಲಗ್ತೀವಿ. ಚಳಿ ಇಲ್ದೆ ಸೊಗಡು ಎಲ್ಲಿಂದ ಬತ್ತದೆ?" ಎಂದೆ. ಯಾರು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಅದೇ. ಹಾಗೆಂದೇ ನಂಬಿದ್ದೆ ಕೂಡ.

ಅನು ತಲೆಯಾಡಿಸಿದಳು. ರಾತ್ರಿಗಳು ಇನ್ನೂ ಬಿಸಿಯಾಗುತ್ತವಂತೆ. ಮಾವು ಹೂ ಬಿಡುವ ಕಾಲ ತಪ್ಪಬಹುದಂತೆ, ಜೇನಿಗೆ ಲೆಕ್ಕ ಸಿಗದೆ ಹೋಗಬಹುದಂತೆ, ನಮ್ಮ ಮೊಮ್ಮಕ್ಕಳ ಮಕ್ಕಳು ರಾಗಿಯನ್ನು ಬೇರೆ ತಿಂಗಳಲ್ಲಿ ಬಿತ್ತಬೇಕಾಗಬಹುದಂತೆ. "ಆದ್ರ ಸೊಗಡು ಬೀಜದಾಗ ಇರತೈತ್ರಿ," ಎಂದಳು. "ಹವಾ ಕೆಟ್ಟರ ಅದು ಮಲಗಿರತೈತಿ, ಅಷ್ಟ. ಈ ಸಲದ ಬೆಳೀದಾಗಿಂದ ಒಂದು ಹಿಡಿ ಕೊಡ್ರಿ. ಗಾಜಿನ ಡಬ್ಬ್ಯಾಗ ಹಾಕಿ, ಬೀಜ ಕಾಯೋ ಥಂಡಿ ಕೋಣ್ಯಾಗ ಇಡಸ್ತೀನಿ. ನೂರು ವರ್ಷದ ಮ್ಯಾಲೆ ಯಾರರ ತಗದು ಬಿತ್ತಲಿ."

ಅಷ್ಟು ಹೇಳಿ ಅವಳು ಬಸ್ಸಿಗೆ ಹೋದಳು. ನಾನು ಬದುವಿನ ಮೇಲೇ ಕೂತಿದ್ದೆ. ಯಾವುದೋ ಹುಡುಗಿ, ಇನ್ನೂ ಹುಟ್ಟಿಲ್ಲದವಳು, ಯಾವ ಬಿಸಿಲಲ್ಲೋ ನಿಂತು ನಮ್ಮ ಅಮ್ಮನ ಅವರೆ ಬಿಡಿಸಿ ಕೈ ಮೂಸಿ ನೋಡುತ್ತಾಳೆ. ಅದನ್ನು ನೆನೆಸಿಕೊಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕನಿಗೇ ಯಾಕೆಂದರೆ, ಆ ಬಿತ್ತನೆ ಕಾಳು ನಮ್ಮಿಬ್ಬರದು. ನಮ್ಮ ಮದುವೆಗಳಲ್ಲಿ ಅಮ್ಮ, ಅಕ್ಕ ಆದಿಲಕ್ಷ್ಮಿಗೆ ಒಂದು ಮಡಕೆ, ಅರುಣಕುಮಾರಿಯಾದ ನನಗೆ ಒಂದು ಮಡಕೆ ಅವರೆ ಕೊಟ್ಟಳು. ನಮ್ಮ ಮನೆಯ ಹೆಂಗಸರ ಪದ್ಧತಿ ಅದು: ಒಂದೇ ಬಿತ್ತನೆ ಎರಡು ಮನೆಯಲ್ಲಿರಬೇಕು. ಒಬ್ಬಳ ಹೊಲ ಕೈಕೊಟ್ಟರೆ ಇನ್ನೊಬ್ಬಳ ಹತ್ತಿರ ಉಳಿದಿರುತ್ತದೆ. ಪ್ರತಿ ಶಿವರಾತ್ರಿಗೆ, ಕಾಳು ಒಣಗಿದ ಮೇಲೆ, ಒಬ್ಬರಿಗೊಬ್ಬರು ಒಂದೊಂದು ಹಿಡಿ ಕೊಟ್ಟುಕೊಂಡು ತಮ್ಮ ಮಡಕೆಗೆ ಬೆರೆಸಿಕೊಳ್ಳಬೇಕು. ಒಡಹುಟ್ಟಿದವಳು ಕೊಟ್ಟದ್ದನ್ನು ಅಳೆಯಬಾರದು, ಮೊರಕ್ಕೆ ಹಾಕಬಾರದು, ಆರಿಸಬಾರದು. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಾಗೇ ಸುರಿದುಬಿಡಬೇಕು. ಆರಿಸಿದರೆ ಅವಳನ್ನು ಅನುಮಾನಿಸಿದ ಹಾಗೆ ಎಂದು ಅಮ್ಮ ಹೇಳುತ್ತಿದ್ದಳು. ಬಿತ್ತಿ ಉಳಿದ ಕಾಳನ್ನು ಅವತ್ತೇ ಸಾರಿಗೆ ಹಾಕಿ, ಮಡಕೆ ತೊಳೆದು ಬೋರಲು ಹಾಕುತ್ತೇವೆ. ಹೊಸ ಕಾಳು ಬರುವವರೆಗೆ ಬಿತ್ತನೆ ಎಂಬುದು ಹೊಲದಲ್ಲಿ ಮಾತ್ರ.

ಹಿಡಿ ಅನ್ನುವುದು ಮಾತಿಗೆ. ಅಕ್ಕ ಧಾರಾಳಿ, ಸೆರಗು ತುಂಬ ಕೊಡುತ್ತಿದ್ದಳು. ಮಾರಿಕುಪ್ಪಂ ಸ್ಟೇಷನ್ನಿನ ಹಿಂದೆ ಅವಳ ಮನೆ, ಮನೆಯ ಹಿಂದೆ ಒಂದು ತುಂಡು ನೆಲ. ಶಿವರಾತ್ರಿಗೆ ನಾನು ಹೋಗುವ ಹೊತ್ತಿಗೆ ಯಾವ ಹೊಲದಲ್ಲಿ ತಾನೇ ಅವರೆ ಇರುತ್ತದೆ? ಅವಳ ನೆಲ ಖಾಲಿ ಇರುತ್ತಿತ್ತು. ನಾನು ಅದನ್ನು ನೋಡಿ ಏನನ್ನೂ ಅಂದುಕೊಳ್ಳುತ್ತಿರಲಿಲ್ಲ.

ಪ್ರದರ್ಶನದ ದಿನ ಕಾಲೊನಿಯ ಸಭಾಂಗಣದಲ್ಲಿ ಅಕ್ಕ ನನಗಿಂತ ಮುಂಚೆಯೇ ಬಂದು ನಿಂತಿದ್ದಳು, ರೇಷ್ಮೆ ಸೀರೆಯಲ್ಲಿ. ಮೇಜುಗಳ ಮೇಲೆ ತಟ್ಟೆಗಳು. ಈಗಿನ ಊಟ, ನಮ್ಮ ಮಕ್ಕಳ ಮುಪ್ಪಿನ ಊಟ, ಆಮೇಲಿನವರ ಊಟ. ಕೊನೆಯ ಮೇಜಿನಲ್ಲಿ ಪಾಪಾಸುಕಳ್ಳಿಯ ಪಲ್ಯ, ಸಮುದ್ರದ ಪಾಚಿ ಕಲಸಿದ ರೊಟ್ಟಿ, ಮಿಡತೆ ಹಿಟ್ಟಿನದು ಎಂದು ಹೇಳಿದ ಒಂದು ಉಂಡೆ. ಹೆಂಗಸರು ಉಂಡೆಯ ಚೂರು ಬಾಯಿಗಿಟ್ಟು ಸೆರಗು ಮುಚ್ಚಿಕೊಂಡು ಓಡುತ್ತಿದ್ದರು. ನಾನೂ ತಿಂದೆ. ಕಡಲೆಹಿಟ್ಟಿಗಿಂತ ಕೆಟ್ಟದಾಗೇನೂ ಇರಲಿಲ್ಲ. ಹೊಟ್ಟೆ ಹಸಿದರೆ ಮನುಷ್ಯ ಯಾವುದಕ್ಕೂ ಒಂದು ಒಗ್ಗರಣೆ ಕಂಡುಕೊಳ್ಳುತ್ತಾನೆ.

ಮೂಲೆಯಲ್ಲಿ ಒಂದು ಗಾಜಿನ ಡಬ್ಬಿ, ಖಾಲಿ. ಮೇಲೆ ದಪ್ಪ ಅಕ್ಷರದ ಹಲಗೆ: "ಬೂದಿಕೋಟೆಯ ಸೊಗಡವರೆ. ಬಿಸಿಯಾದ ರಾತ್ರಿಗಳು ಇದರ ಸೊಗಡನ್ನು ಒಯ್ದವು. ಕಾಳು ಇಲ್ಲಿ ಕಾಯುತ್ತದೆ." ಕೆಳಗೆ ಅಮ್ಮನ ಹೆಸರು, ಅದರ ಕೆಳಗೆ ನಮ್ಮಿಬ್ಬರದು. ಅಕ್ಕ ಜೋರಾಗಿ ಓದತೊಡಗಿ, ಅಮ್ಮನ ಹೆಸರು ಬಂದಾಗ ಓದು ನಿಲ್ಲಿಸಿದಳು. ದುಃಖ ಉಕ್ಕಿತೆಂದುಕೊಂಡು ನಾನು ಅವಳ ಬೆನ್ನು ಸವರಿದೆ.

"ಅಕ್ಕಾರ, ನಿಮ್ಮ ಹೊಲದ್ದೂ ಒಂದು ಹಿಡಿ ಬೇಕ್ರಿ," ಎಂದಳು ಅನು.

"ಇವಳ್ದೇ ಸಾಕಮ್ಮ. ಎರಡೂ ಒಂದೇ ತಾನೇ," ಎಂದಳು ಅಕ್ಕ. ಯಾರೋ ಸೊಗಡಿನ ವಿಷಯ ಕೇಳಿದ್ದಕ್ಕೆ, "ಊಂ ಕಣಮ್ಮ, ಮಂಜು ಎಲ್ಲೈತೆ ಈಗ?" ಎಂದೂ ಸೇರಿಸಿದಳು.

ಸಾಮಾನು ತರುವುದಿದೆ ಎಂದು ಅವಳೂ ನನ್ನ ಜೊತೆ ರೈಲಿನಲ್ಲಿ ಬಂಗಾರಪೇಟೆಗೆ ಬಂದಳು. ಮಾರ್ಕೆಟ್ಟಿನಲ್ಲಿ ಒಂದು ಕಾಳಿನ ಅಂಗಡಿ ದಾಟುವಾಗ ಅವಳು ಯಾಕೋ ಬೇಗ ಬೇಗ ಹೆಜ್ಜೆ ಹಾಕಿದಳು. ಅಂಗಡಿಯ ಮುದುಕ ಕುಪ್ಪುಸ್ವಾಮಿ ಬಿಡಬೇಕಲ್ಲ.

"ಏನಮ್ಮ ಆದಿಲಕ್ಷ್ಮಿ, ಶಿವರಾತ್ರಿಗೆ ನಿಮ್ಮ ಬಿತ್ತನೆ ಅವರೆ ಎತ್ತಿಡ್ಲಾ? ವರ್ಷಾ ವರ್ಷಾ ಕೊನೇ ಗಳಿಗೇಲಿ ಬಂದು, ಸಣ್ಣ ಕಾಳೇ ಬೇಕು ಅಂತ ಮೂಟೆ ಎಲ್ಲಾ ಕೆದಕ್ತೀಯ. ಆರಿಸೋಕೇ ಅರ್ಧ ದಿನ." ನನ್ನ ಕಡೆ ತಿರುಗಿ ನಕ್ಕ. "ಒಳ್ಳೆ ತಳಿ ಅಮ್ಮಾ. ಯಾವ ಕಾಲಕ್ಕಾದ್ರೂ ಕಾಯಿ ಬಿಡ್ತದೆ. ವಾಸನೆ ಒಂದೇ ಇಲ್ಲ."

ನಾನು ಆರಿಸಬಾರದು ಎಂಬುದು ಪದ್ಧತಿ. ನಾನು ಆರಿಸುವುದಿಲ್ಲ ಎಂಬುದನ್ನು ನಂಬಿಕೊಂಡೇ, ಅಮ್ಮನ ಕಾಳನ್ನು ಹೋಲುವಂಥದ್ದನ್ನು ಮೂಟೆಯಿಂದ ಅವಳು ಆರಿಸಿ ತರುತ್ತಿದ್ದಳು. ಬಸ್‌ಸ್ಟ್ಯಾಂಡಿನ ಕಟ್ಟೆಯವರೆಗೆ ನಡೆದು ಬಂದು ಅವಳ ಕಡೆ ತಿರುಗಿದೆ.

"ಎಷ್ಟು ವರ್ಷದಿಂದ?" ಎಂದೆ.

"ಏಳು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಒಂದು ವರ್ಷ ಹೂವಿನಾಗೆ ಮಳೆ ಹಿಡೀತು, ಕೊಳೆತೋಯ್ತು. ನೀ ಕೊಟ್ಟಿದ್ದು ಮುಂದಿನ ವರ್ಷ ಬಿತ್ತಿದೆ, ಬಿಸಿಗೆ ಹೂ ಎಲ್ಲಾ ಉದುರೋಯ್ತು. ಒಂದು ಕಾಯೂ ನಿಲ್ಲಲಿಲ್ಲ ಕಣೇ."

"ಆಗ್ಲೇ ಏಳಿದ್ರೆ ಮಡಕೆ ಸಮೇತ ಕೊಡ್ತಿದ್ನಲ್ಲ. ಅದಕ್ಕೇ ತಾನೇ ಎರಡು ಮನೇಲಿ ಇಕ್ಕಿದ್ದು?"

"ಅಮ್ಮನ ಬಿತ್ತನೆ ನನ್ ಕೈಲಿ ಸತ್ತೋಯ್ತು ಅಂತ ಎಂಗೇಳ್ಲಿ? ದೊಡ್ಡೋಳು ನಾನು. ಬರಿಗೈಲಿ ಕಳಿಸಾಕೆ ಮನಸ್ಸು ಬರಲಿಲ್ಲ."

"ಮತ್ತೆ ಆಮೇಲೆ ನಾನು ಕೊಟ್ಟಿದ್ದೆಲ್ಲ? ವರ್ಷಾ ವರ್ಷಾ ಕೊಟ್ನಲ್ಲ, ಅದು?"

ಅವಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ನಾನು ಮತ್ತೆ ಕೇಳಿದೆ.

"ಇನ್ನ ಬಿತ್ತಿ ಏನು ಅಂತ... ಸಾರು ಮಾಡ್ಕೊಂಡೆ."

ನನ್ನ ಮಡಕೆಯ ಅಸಲಿ ಕಾಳನ್ನು ಬೇಯಿಸಿ ತಿಂದು, ಮೂಟೆಯ ಕಾಳನ್ನು ನನ್ನ ಸೆರಗಿಗೆ ಕಟ್ಟಿದ್ದಳು. ಅದು ನನ್ನ ಹೊಲದಲ್ಲಿ ಎಲ್ಲಕ್ಕಿಂತ ಸೊಂಪಾಗಿ ಬೆಳೆದು, ಚೆನ್ನಾಗಿ ಕಾಯಿ ಬಿಟ್ಟ ಗಿಡದ್ದೇ ಬಿತ್ತನೆಗಿರಲಿ ಎಂದು ನಾನೇ ಅದನ್ನು ಮತ್ತೆ ಮತ್ತೆ ಎತ್ತಿಟ್ಟಿದ್ದೆ. ಇದೆಲ್ಲ ನಡೆಯುತ್ತಿರುವಾಗ ನಾನು ಆಕಾಶಕ್ಕೆ ಬೈಯುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು ಹೌದು ಹೌದು ಅನ್ನುತ್ತಿದ್ದಳು. ಹಲಗೆಯ ಮೇಲೆ ಬರೆಸಿಯೂ ಆಯಿತು. ಮಳೆ ಬಿಸಿಲು ಅವಳಿಗೆ ಮೋಸ ಮಾಡಿದ್ದವು, ಒಪ್ಪುತ್ತೇನೆ. ಆದರೆ ಮಳೆ ಬಿಸಿಲು ನನ್ನ ಜೊತೆ ಹುಟ್ಟಿದವಲ್ಲ.

"ಚೆನ್ನಾಗಿತ್ತಾ ಸಾರು?" ಎಂದೆ.

"ಅರುಣಾ," ಎಂದಳು. ನಾನು ಬೂದಿಕೋಟೆಯ ಬಸ್ಸು ಹತ್ತಿ ಅವಳ ಕಡೆ ತಿರುಗಿ ನೋಡಲಿಲ್ಲ.

ಇಳಿದವಳು ಮನೆಗೂ ಹೋಗದೆ ನೇರ ಹೊಲಕ್ಕೆ ಹೋದೆ. ಅವರೆ ಆಗತಾನೆ ಎಳೆಕಾಯಿ ಕಟ್ಟಿತ್ತು. ನಾಚಿಕೆಯಿಲ್ಲದೆ ಸೊಂಪಾಗಿ ನಿಂತಿತ್ತು. ಇದೇ ಕಾಳು ಅಮ್ಮನ ಹೆಸರಿನಲ್ಲಿ ಡಬ್ಬಿ ಸೇರುತ್ತದೆ, ಹುಟ್ಟದ ಹುಡುಗಿ ಇದನ್ನೇ ಬಿಡಿಸಿ ಕೈ ಮೂಸುತ್ತಾಳೆ, ಇದಕ್ಕೇನು ಅಂಥಾ ಹೆಸರು ಎಂದು ಒಗೆಯುತ್ತಾಳೆ. ನಾನು ಸೆರಗು ಸಿಕ್ಕಿಸಿ ಮೊದಲ ಸಾಲಿನಿಂದ ಕೀಳತೊಡಗಿದೆ.

ಗಂಡ ಚಲಪತಿ ಹಸುವಿಗೆ ನೀರು ಕುಡಿಸಲು ಬಂದವನು ನಿಂತು ನೋಡಿದ. "ಏನಮ್ಮಾ ಇದು, ಅವರೆ ಮೇಲೆ ಯುದ್ಧಕ್ಕೆ ಹೊಂಟಿದ್ದೀಯ?" ಎಂದ. ನಾನು ಮುಖವೆತ್ತಿದೆ. ಅವನು ಹಸು ಹಿಡಿದುಕೊಂಡು ದೂರ ಹೋದ. ಕೊನೆಯ ಸಾಲು ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಎಲ್ಲವನ್ನೂ ಕೊಟ್ಟಿಗೆಯ ಮುಂದೆ ರಾಶಿ ಹಾಕಿದೆ. ಹಸು ತಿನ್ನಲು ಶುರುಮಾಡಿತು. ಮೈ ಹಗುರವಾಯಿತೆಂದು ಸುಳ್ಳು ಹೇಳುವುದಿಲ್ಲ, ಆದರೆ ಆ ಹೊತ್ತಿಗೆ ಸರಿ ಮಾಡಿದೆ ಎಂದೇ ಅನ್ನಿಸಿತು.

ಊಟಕ್ಕೆ ಮುದ್ದೆ ಬಡಿಸುವಾಗ ಚಲಪತಿ ನನ್ನ ಮುಂಗೈ ಹಿಡಿದುಕೊಂಡ. ಮೂಗಿನ ಹತ್ತಿರ ತಂದುಕೊಂಡ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಕೈ ತೊಳೆದಿದ್ದೀಯಾ?"

"ಎರಡು ಸಲ."

"ಮೂಸಿ ನೋಡು," ಎಂದ.

ಸೊಗಡು. ಅಮ್ಮನ ಕೈಯ ವಾಸನೆ, ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದ ವಾಸನೆ, ನನ್ನ ಬೆರಳ ಸಂದಿಯಲ್ಲಿ, ಉಗುರಿನೊಳಗೆ. ಅಷ್ಟು ಗಿಡಗಳ ನಡುವೆ ಎಲ್ಲೋ ಒಂದೋ ಎರಡೋ ಅಮ್ಮನವೇ ಉಳಿದಿದ್ದವು. ಬುಟ್ಟಿ ಬುಟ್ಟಿ ಬೇರೆ ಕಾಯಿಯ ನಡುವೆ ಅವು ಹೋದ ವರ್ಷ ಗೊತ್ತಾಗಿರಲಿಲ್ಲ, ಇವತ್ತು ಸಿಟ್ಟಿನಲ್ಲಿ ಕೀಳುವಾಗಲೂ ಗೊತ್ತಾಗಲಿಲ್ಲ. ಬ್ಯಾಟರಿ ಹಿಡಿದು ಓಡಿದೆವು. ಹಸು ಅರ್ಧ ಮುಗಿಸಿತ್ತು. ಉಳಿದ ಗಿಡ ಒಂದರ ಮೇಲೊಂದು ಬಿದ್ದು ನಲುಗಿ, ಎಲ್ಲದಕ್ಕೂ ಎಲ್ಲದರ ವಾಸನೆ ಹತ್ತಿಕೊಂಡಿತ್ತು. ಕಾಯಿ ಬಿಡಿಸಿದರೆ ಒಳಗೆ ನೀರಿನಂಥ ಕಾಳು. ಅದು ಒಣಗಿದರೆ ಸಿಪ್ಪೆಯಾಗುತ್ತದೆಯೇ ಹೊರತು ಬಿತ್ತನೆಯಾಗುವುದಿಲ್ಲ. ಮನೆಯೊಳಗೆ ಮಡಕೆ ಬೋರಲು ಬಿದ್ದಿತ್ತು.

ಬೆಳಗ್ಗೆ ಎದ್ದು ನೋಡಿದರೆ ರಾಶಿಯ ಮೇಲೆ ಇಬ್ಬನಿ ಬಿದ್ದಿತ್ತು. ಈ ವರ್ಷದ ಮೊದಲ ಇಬ್ಬನಿ. ನಾನು ಅದನ್ನು ನೋಡುತ್ತಾ ನಿಂತಿದ್ದೆ.

ಮೊದಲ ಬಸ್ಸಿಗೆ ಅಕ್ಕ ಬಂದಳು. ಕಣ್ಣು ಊದಿತ್ತು. ನಾನು ಮಾತಾಡಿಸುವ ಮುಂಚೆಯೇ, ಕ್ಷಮಿಸು ಎಂದೋ ಏನೋ ಹೇಳಲು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಹಾಗೇ ನಿಂತಳು. ಆಮೇಲೆ ನಿಧಾನವಾಗಿ ನನ್ನ ಕೈಯನ್ನು ಮೂಗಿಗೆ ಹಿಡಿದು ನೋಡಿ, ಅಳುತ್ತಲೇ ನಗತೊಡಗಿದಳು.

"ಐತೆ ಕಣೇ. ಅರುಣಾ, ಉಳ್ಕೊಂಡೈತೆ. ನಿನ್ ಹತ್ರ ಉಳ್ಕೊಂಡೈತೆ. ನಾನು ಪೂರ್ತಿ ಸಾಯಿಸ್ಲಿಲ್ಲ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವಳ ಕಣ್ಣು ನನ್ನ ಭುಜದಾಚೆಗೆ, ಖಾಲಿ ಸಾಲುಗಳ ಕಡೆ, ಅಲ್ಲಿಂದ ಕೊಟ್ಟಿಗೆಯ ಮುಂದಿನ ರಾಶಿಯ ಕಡೆ ಹೋಯಿತು. ನಗು ನಿಂತಿತು.

"ಯಾವ ಗಿಡದ್ದು?" ಎಂದಳು. "ಬೇರೆ ಎತ್ತಿಟ್ಟಿದ್ದೀಯಾ?"

"ಇಲ್ಲಕ್ಕ. ಆರಿಸ್ಲಿಲ್ಲ," ಎಂದೆ. "ನೀನು ಕೊಟ್ಟಿದ್ದನ್ನ ಆರಿಸ್ಬಾರ್ದು ಅಂತ ಅಮ್ಮ ಏಳಿದ್ಲಲ್ಲ."