ಸದ್ಗೃಹಸ್ಥರ ಸಂಘದ ಅನುಮೋದಕ

ಬಿಸಿಲು ಬೆಳಗ್ಗೆ ಒಂಬತ್ತಕ್ಕೆ ದರ್ಜಿಯ ಬಲಗಿವಿ ಹಿಡಿಯುತ್ತಿತ್ತು. ಹನ್ನೆರಡಕ್ಕೆ ನೆತ್ತಿ, ಮೂರಕ್ಕೆ ಎಡಗಿವಿ. ದಿನಕ್ಕೆ ನಾಲ್ಕು ಸಲ ಅವನು ಹೊಲಿಗೆ ಮೆಷಿನ್ನನ್ನು ಎತ್ತಿ ತಿರುಗಿಸಬೇಕು. ಜಾಗವಾದರೂ ಎಷ್ಟು? ಹಿಂದೆ ಮುಚ್ಚಿಹೋದ ಗೋದಾಮಿನ ಗೋಡೆ, ಮುಂದೆ ಚರಂಡಿ, ಪಕ್ಕದಲ್ಲಿ ಲೈಟ್ ಕಂಬ, ನಡುವೆ ಮೂರೂವರೆ ಅಡಿ. ಅದರಲ್ಲೂ ಅರ್ಧ ಅಡಿ ನಾಯಿಯ ಪಾಲು. ಉಳಿದ ಮೂರಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತು ಅವನು ಇಡೀ ಊರಿನ ಪ್ಯಾಂಟುಗಳಿಗೆ ಜಿಪ್ ಹಾಕಿದ್ದ. "ಈ ಊರಿನ ಮಾನ ನಿಂತಿರೋದೇ ನನ್ನ ಸೂಜಿ ಮೇಲೆ" ಎನ್ನುತ್ತಿದ್ದ. ಪೆಡಲು ತುಳಿದು ತುಳಿದು ಅವನ ಮಂಡಿ ಎಷ್ಟು ಸವೆದಿತ್ತೆಂದರೆ, ಅವನು ಮೆಟ್ಟಿಲು ಹತ್ತಿದರೆ ಕಟಕಟ ಸದ್ದಿಗೆ ಪಕ್ಕದ ಬೀದಿಯ ಕೂಸುಗಳು ಬೆಚ್ಚಿ ಎದ್ದು ಅಳುತ್ತಿದ್ದವು.

ಆದರೂ ಪ್ರತಿ ಭಾನುವಾರ ಹತ್ತು ಗಂಟೆಗೆ ಅವನು ಇಪ್ಪತ್ತು ಮೆಟ್ಟಿಲು ಹತ್ತುತ್ತಿದ್ದ. ಹತ್ತಿ ಮುಗಿಸಿದ ಮೇಲೆ ಅವನು ದರ್ಜಿಯಲ್ಲ, ಸದ್ಗೃಹಸ್ಥರ ಸಂಘದ ಅನುಮೋದಕ.

ಸಂಘ ಇದ್ದದ್ದು ಕಬ್ಬಿಣದ ಸಾಮಾನಿನ ಅಂಗಡಿಯ ಮಹಡಿಯಲ್ಲಿ. ಅಂಗಡಿಯ ಯಜಮಾನರೇ ಅಧ್ಯಕ್ಷರು. ನಿವೃತ್ತ ಮೇಷ್ಟ್ರೊಬ್ಬರು ಕಾರ್ಯದರ್ಶಿ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ತತ್ವಗಳು. ನಿನ್ನ ಕಾಲ ಮೇಲೆ ನೀನು ನಿಲ್ಲು. ಹಿರಿಯರ ಮಾತು ಮೀರಬೇಡ. ಸರ್ಕಾರದ ಮುಂದೆ ಕೈಚಾಚಬೇಡ. ಹಳೆಯದನ್ನು ಕಾಪಾಡು. ಈ ಸಂಘ ಬೆರಳು ತೋರಿಸಿದವನೇ ವಾರ್ಡಿನ ಮೆಂಬರು. ಹಾಗಾಗಿ ಇಲ್ಲಿ ಠರಾವಾದದ್ದು ನಗರಸಭೆಯಲ್ಲಿ ನೋಟೀಸಾಗಿ ಹೊರಬೀಳುತ್ತಿತ್ತು.

ದರ್ಜಿ ಸುಮ್ಮಸುಮ್ಮನೆ ಸಂಘಕ್ಕೆ ಬಿದ್ದವನಲ್ಲ. ಹೆರಿಗೆಯಲ್ಲಿ ಹೆಂಡತಿಯ ಮೈ ರಕ್ತವಿಲ್ಲದೆ ಬಿಳಿಚಿಕೊಂಡಾಗ, ಓಡಿಬಂದು ರಕ್ತ ಕೊಟ್ಟವರು ಈ ಸಂಘದ ಇಬ್ಬರು. ಅದು ದೊಡ್ಡ ಮಾತು. ಆದರೆ ಅವನು ನಿಜವಾಗಿ ಸೋತದ್ದು ಕುರ್ಚಿಗೆ. ಮೊದಲ ದಿನವೇ ಯಜಮಾನರು "ಬನ್ನಿ, ಕೂತ್ಕೊಳ್ಳಿ" ಎಂದು ಬಹುವಚನದಲ್ಲಿ ಕರೆದು ಕುರ್ಚಿ ತೋರಿಸಿದ್ದರು. ಬೆನ್ನಿಗೆ ಒರಗು ಇರುವ ಕುರ್ಚಿ! ಸ್ಟೂಲಿನ ಮೇಲೆ ಆಯುಷ್ಯ ಸವೆಸಿದವನು ಒರಗಿದ ಕೂಡಲೇ ತತ್ವಗಳೆಲ್ಲ ಬೆನ್ನಿನ ಮೂಲಕವೇ ಒಳಗಿಳಿದವು.

ಸಂಘದ ಪದ್ಧತಿಯಂತೆ ಒಬ್ಬರು ಠರಾವು ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಮಂಡಿಸಲು ಎಲ್ಲರಿಗೂ ಆಸೆ. ಅನುಮೋದಿಸಲು ಯಾರಿಗೂ ಪುರುಸೊತ್ತಿಲ್ಲ. ದರ್ಜಿ ಅದನ್ನು ವಹಿಸಿಕೊಂಡ. ಏಳು ವರ್ಷದಲ್ಲಿ ಒಂದೇ ಒಂದು ಠರಾವು ಬಿಟ್ಟವನಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದು ಅನುಮೋದಿಸಿದ್ದ. ಅವನ "ಅನುಮೋದಿಸುತ್ತೇನೆ!" ಎಂಬ ಕೂಗಿಗೆ ಕೆಳಗಿನ ಅಂಗಡಿಯಲ್ಲಿ ತೂಗುಹಾಕಿದ ಸರಪಳಿಗಳು ಝಣಗುಟ್ಟುತ್ತಿದ್ದವು. ತಾನು ಹೂಂ ಅನ್ನದಿದ್ದರೆ ಸೂರ್ಯನೂ ಆಕಾಶದ ಅಂಚಿನಲ್ಲಿ ಕಾಯುತ್ತ ನಿಂತುಬಿಡುತ್ತಾನೆ ಎಂದು ಅವನು ಮನಸಾರೆ ನಂಬಿದ್ದ.

ಸೇರಿದ ವರ್ಷವೇ ಆಸ್ಪತ್ರೆಯ ಕೆಲಸಗಾರರ ಶಿಶುವಿಹಾರ ಬೇಡವೆಂಬ ಠರಾವು ಬಂತು. ಅವನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ನೆಲ ಒರೆಸುವವಳು.

"ಏನ್ರೀ ಪಾಸ್ ಮಾಡಿ ಬಂದ್ರಿ ಇವತ್ತು?"

"ಮಕ್ಕಳನ್ನ ತಾಯಂದಿರೇ ನೋಡ್ಕೋಬೇಕು ಅಂತ. ತತ್ವ ಕಣೇ."

"ಓಹೋ! ನಾಳೆ ನಾನು ಡ್ಯೂಟಿಗೆ ಹೋದಾಗ ನಿಮ್ಮ ಮಗಳನ್ನ ತತ್ವ ಬಂದು ನೋಡ್ಕೊಳ್ಳತ್ತಾ?"

ಮಾರನೆಯ ದಿನದಿಂದ ಮಗಳು ಮೆಷಿನ್ನಿನ ಬುಡದಲ್ಲಿ ಬಟ್ಟೆ ಚೂರುಗಳ ಮೇಲೆ ಮಲಗಿದಳು. ಅವನು ಒಂದು ಕಾಲಲ್ಲಿ ಪೆಡಲು ತುಳಿದ, ಇನ್ನೊಂದು ಕಾಲಲ್ಲಿ ಕೂಸು ತಟ್ಟಿದ. ಮುಂದೆ ಬೀದಿ ನಲ್ಲಿಯ ಬಿಟ್ಟಿ ನೀರು ಜನರನ್ನು ಸೋಮಾರಿ ಮಾಡುತ್ತದೆ ಎಂಬ ಠರಾವು ಬಂದಾಗಲೂ ಸರಪಳಿ ಝಣಗುಟ್ಟಿತು. ವಾರದೊಳಗೆ ಅವನ ಬೀದಿಯ ನಲ್ಲಿ ಒಣಗಿತು. ಎರಡು ಬೀದಿ ಆಚೆಯಿಂದ ಕೊಡ ಹೊರುವಾಗ ನೆರೆಯವರು "ಏನಣ್ಣ, ಭಾರ ಇದೆಯಾ?" ಎಂದರೆ, "ನಾನೇ ಅನುಮೋದಿಸಿದ ಭಾರ, ಹಗುರವಾಗೇ ಇದೆ" ಎಂದು ಹಲ್ಲು ಕಿರಿಯುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಮೇಷ್ಟ್ರು ಕನ್ನಡಕ ಏರಿಸಿ ಓದಲು ಶುರುಮಾಡಿದರು.

"ಪಾದಚಾರಿಗಳ ದಾರಿ ತನ್ನ ಹಿಂದಿನ ಘನತೆಗೆ ಮರಳಬೇಕು..."

"ಅನುಮೋದಿಸುತ್ತೇನೆ!"

"ಇನ್ನೂ ಓದ್ತಾ ಇದೀನಿ ಕಣಯ್ಯ."

"ಓದಿ ಸಾರ್, ಓದಿ. ನಾನು ಮುಂಗಡವಾಗಿ ಅನುಮೋದಿಸಿದೀನಿ."

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಆ ನಗುವಿನಲ್ಲಿ ಉಳಿದ ಎರಡು ಸಾಲು ಅವನ ಕಿವಿಗೆ ಬೀಳಲಿಲ್ಲ.

ಮಂಗಳವಾರ ನಗರಸಭೆಯವನೊಬ್ಬ ಬಂದು ಗೋದಾಮಿನ ಗೋಡೆಗೆ ನೋಟೀಸು ಅಂಟಿಸಿದ. ಅಂಟು ತೊಟ್ಟಿಕ್ಕಿ ದರ್ಜಿಯ ತಲೆಯ ಮೇಲೆ ಬಿತ್ತು. ಪಕ್ಕದಲ್ಲಿ ಚಪ್ಪಲಿ ಹೊಲಿಯುವವನು ಎದ್ದು ಬಂದು ಓದಿದ. ತರಕಾರಿ ಮಾರುವ ಅಕ್ಕ ಬುಟ್ಟಿ ಬಿಟ್ಟು ಬಂದಳು.

"ಗೋದಾಮಿನ ಗೋಡೆಯಿಂದ ವೃತ್ತದವರೆಗೆ ಕೂತು ದಂಧೆ ಮಾಡುವವರೆಲ್ಲ ಜಾಗ ಖಾಲಿ ಮಾಡತಕ್ಕದ್ದು. ಬರೋ ಭಾನುವಾರ ಸಂಘದ ಠರಾವು ದೃಢಪಟ್ಟ ಮಾರನೇ ದಿನ ತೆರವು."

"ಯಾವ ಪುಣ್ಯಾತ್ಮನಪ್ಪ ಠರಾವು ಮಾಡಿದ್ದು?" ಎಂದಳು ಅಕ್ಕ.

"ಮಂಡಿಸಿದವರು ಯಜಮಾನರು. ಅನುಮೋದಿಸಿದವರು..." ಚಪ್ಪಲಿಯವನು ಮುಂದೆ ಓದದೆ ದರ್ಜಿಯ ಮುಖ ನೋಡಿದ.

ಭೂಮಿ ಬಾಯಿಬಿಡಲಿ ಎಂದು ದರ್ಜಿ ಬೇಡಿಕೊಂಡ. ಅದಕ್ಕೂ ಯಾರೂ ಅನುಮೋದಕರಿರಲಿಲ್ಲವೇನೋ, ಭೂಮಿ ಬಾಯಿಬಿಡಲಿಲ್ಲ.

"ಅಲ್ಲ ಕಣೋ ತಮ್ಮ," ಅಕ್ಕ ಸೊಂಟದ ಮೇಲೆ ಕೈಯಿಟ್ಟಳು, "ಕೂತ ಕೊಂಬೆ ಕಡಿಯೋರನ್ನ ನೋಡಿದೀನಿ. ಮರದಲ್ಲಿರೋ ಎಲ್ಲರ ಕೊಂಬೇನೂ ಕಡಿದವನು ನೀನೊಬ್ಬನೇ."

ಸಂಜೆ ಅವನು ಯಜಮಾನರ ಅಂಗಡಿಗೆ ಹೋದ. ಒಳಗೆ ಹೋಗಲು ದಾರಿಯ ಮೇಲೆ ಪೇರಿಸಿದ ಬಕೆಟ್ಟು, ಪೈಪು, ನೀರಿನ ಟ್ಯಾಂಕುಗಳ ನಡುವೆ ಅಡ್ಡಡ್ಡ ನುಸುಳಬೇಕಾಯಿತು. ಪಾದಚಾರಿಗಳ ದಾರಿ ಅಲ್ಲಿ ಆರಡಿ ಅಗಲ. ಆರಕ್ಕೆ ಆರೂ ಅಡಿ ಯಜಮಾನರದೇ.

"ಯಜಮಾನ್ರೇ, ಇದೇನಾಯ್ತು? ನನ್ನ ಜಾಗಾನೂ ಸೇರಿದೆಯಂತಲ್ಲ."

"ನಿನ್ನ ಮೇಲೆ ಯಾರಿಗೂ ದ್ವೇಷ ಇಲ್ಲಪ್ಪ. ಇದು ತತ್ವ." ಬಹುವಚನ ಮಹಡಿಯ ಮೇಲೇ ಉಳಿದಿತ್ತು. "ಗೋದಾಮನ್ನ ನಮ್ಮ ಅಳಿಯಂದಿರು ತಗೊಂಡಿದಾರೆ. ಆ ಗೋಡೆಗೆ ಗಾಜಿನ ಬಾಗಿಲು ಬರತ್ತೆ. ಬಾಗಿಲ ಮುಂದೆ ನೀನು ಕೂತಿದ್ರೆ ಚೆನ್ನಾಗಿರತ್ತಾ, ನೀನೇ ಹೇಳು?"

"ಮತ್ತೆ ಈ ಬಕೆಟ್ಟುಗಳು?"

"ಇವು ನಮ್ಮ ತಾತನ ಕಾಲದಿಂದ ಇಲ್ಲೇ ಇವೆ. ಹಳೆಯದನ್ನ ಕಾಪಾಡ್ಬೇಕು."

"ನಾನೂ ಇಪ್ಪತ್ತೆರಡು ವರ್ಷದಿಂದ ಇದೀನಿ."

"ಇಪ್ಪತ್ತೆರಡು ವರ್ಷ ಅಂದ್ರೆ ಹಳೇದಲ್ಲ, ಬರೀ ಸವೆದಿದ್ದು," ಎಂದು ಯಜಮಾನರು ಪ್ರೀತಿಯಿಂದಲೇ ಅವನ ಭುಜ ತಟ್ಟಿದರು. "ಸ್ವಂತ ಕಾಲ ಮೇಲೆ ನಿಲ್ಲೋನು ನೀನು. ಎಲ್ಲಾದ್ರೂ ನಿಲ್ತೀಯ."

ಮನೆಗೆ ಬಂದು ಹೇಳಿದರೆ ಹೆಂಡತಿ ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಮಗಳ ಜಡೆ ಹೆಣೆಯುತ್ತ, "ಭಾನುವಾರ ಅದನ್ನ ದೃಢಪಡಿಸೋವಾಗಲೂ ನೀವೇ ತಾನೇ ಅನುಮೋದಿಸೋದು?" ಎಂದಳು.

"ಹೂಂ. ಏಳು ವರ್ಷದಿಂದ ನಾನೇ."

"ಅನುಮೋದಿಸಬೇಡಿ ಮತ್ತೆ."

ಹೀಗೂ ಮಾಡಬಹುದು ಎಂಬುದು ಅವನಿಗೆ ಅದುವರೆಗೆ ಹೊಳೆದೇ ಇರಲಿಲ್ಲ.

ಭಾನುವಾರ ಮೇಷ್ಟ್ರು ಹಿಂದಿನ ಸಭೆಯ ನಡಾವಳಿ ಓದಿ ಮುಗಿಸಿದರು. ಎಲ್ಲರೂ ಅಭ್ಯಾಸದಂತೆ ದರ್ಜಿಯ ಕಡೆ ತಿರುಗಿದರು. ಅವನು ಕುರ್ಚಿಯ ಒರಗು ಬಿಟ್ಟು ಮುಂದಕ್ಕೆ ಕೂತ.

"ಹೇಳಿ, ಹೇಳಿ," ಎಂದರು ಯಜಮಾನರು.

"ಇಲ್ಲ."

"ಏನು ಇಲ್ಲ?"

"ಅನುಮೋದಿಸಲ್ಲ."

ಈಗ ಛಾವಣಿ ಕುಸಿಯುತ್ತದೆ, ಊರು ನಿಲ್ಲುತ್ತದೆ ಎಂದು ಅವನು ಕಣ್ಣುಮುಚ್ಚಿಕೊಂಡ. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಸಿಮೆಂಟ್ ವ್ಯಾಪಾರಿ ತಲೆಯೆತ್ತದೆ "ಅನುಮೋದಿಸ್ತೀನಿ, ಮುಂದಕ್ಕೆ ಹೋಗ್ರಿ" ಎಂದ. ಮೇಷ್ಟ್ರು ಬರೆದುಕೊಂಡರು. ಅಷ್ಟೇ. ಏಳು ವರ್ಷ ಆಕಾಶ ಹೊತ್ತಿದ್ದೇನೆ ಎಂದುಕೊಂಡವನಿಗೆ ತನ್ನ ತಲೆಯ ಮೇಲೆ ಇದ್ದದ್ದು ಬರೀ ಕೂದಲು ಎಂದು ತಿಳಿಯಿತು, ಅದೂ ವಿರಳವಾಗಿ.

ಮೆಟ್ಟಿಲಿಳಿಯುತ್ತ ಅವನಿಗೆ ನಗು ಬಂತು. ನಗುತ್ತಲೇ ಅಕ್ಕನ ಬುಟ್ಟಿಯ ಮುಂದೆ ಹೋಗಿ ನಿಂತ.

"ಅಕ್ಕ, ಉಗೀಬೇಕು ಅನಿಸಿದ್ರೆ ಉಗಿ. ಆಮೇಲೆ ಒಂದು ಮಾತು ಹೇಳ್ತೀನಿ."

"ಮಾತು ಹೇಳು ಮೊದ್ಲು. ಉಗಿಯೋಕೆ ಆಯಸ್ಸು ಪೂರ್ತಿ ಇದೆ."

ಸೋಮವಾರ ಹತ್ತು ಗಂಟೆಗೆ ನಗರಸಭೆಯ ಲಾರಿ ಬಂದಾಗ ಗೋದಾಮಿನ ಗೋಡೆಯ ಮುಂದೆ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿಂದ ವೃತ್ತದವರೆಗೆ ಕೂರುತ್ತಿದ್ದ ಒಂಬತ್ತು ಜನವೂ ಸಾಮಾನು ಸಮೇತ ಯಜಮಾನರ ಅಂಗಡಿಯ ಮುಂದೆ ಕೂತಿದ್ದರು. ಎರಡು ಟ್ಯಾಂಕಿನ ನಡುವೆ ತರಕಾರಿ ಬುಟ್ಟಿ, ಪೈಪುಗಳ ಪಕ್ಕ ಚಪ್ಪಲಿ ಹೊಲಿಯುವವನು, ಬಕೆಟ್ಟುಗಳಿಗೆ ಒರಗಿಕೊಂಡು ದರ್ಜಿಯ ಮೆಷಿನ್ನು. ರಾತ್ರಿಪಾಳಿ ಮುಗಿಸಿದ ಅವನ ಹೆಂಡತಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು ಪಕ್ಕದಲ್ಲಿ ನಿಂತಿದ್ದಳು.

"ಇವರನ್ನ ಎತ್ತಿ ಹಾಕ್ರಿ!" ಯಜಮಾನರು ಒಳಗಿನಿಂದ ಕೂಗಿದರು.

"ಎತ್ತಲಿ," ಎಂದಳು ಅಕ್ಕ. "ದಾರಿ ಮೇಲಿರೋದನ್ನೆಲ್ಲ ಎತ್ತಲಿ. ಸಾಲಾಗಿ, ಆ ತುದಿಯ ಟ್ಯಾಂಕಿಂದ ಶುರುಮಾಡಿ ಸಾರ್."

ನಗರಸಭೆಯ ಅಧಿಕಾರಿ ಟ್ಯಾಂಕು ನೋಡಿದ. ಯಜಮಾನರ ಮುಖ ನೋಡಿದ. ಆಚೆ ಸೇರುತ್ತಿದ್ದ ಜನರನ್ನೂ ನೋಡಿದ. ಲಾರಿಯಲ್ಲಿ ಬಂದಿದ್ದ ಕೂಲಿಯವರು ಆಗಲೇ ಒಬ್ಬೊಬ್ಬರಾಗಿ ಕೆಳಗಿಳಿದಿದ್ದರು.

"ಸಾರ್, ಅಧ್ಯಕ್ಷರ ಸಾಮಾನು ಬಿಟ್ಟು ನಮ್ಮದು ಎತ್ತೋದಾದ್ರೆ ಅದಕ್ಕೊಂದು ಠರಾವು ಬೇಕಾಗತ್ತೆ," ಎಂದ ದರ್ಜಿ ಪೆಡಲು ತುಳಿಯುತ್ತ. "ಅನುಮೋದಕನ ಹುದ್ದೆ ಖಾಲಿ ಇದೆ."

ಜನ ನಕ್ಕರು. ಅಧಿಕಾರಿಯ ಕಿವಿ ಕೆಂಪಾಯಿತು. "ಏಯ್, ನೋಡ್ತಾ ಏನು ನಿಂತಿದೀರ? ಮೊದಲು ಆ ಮೆಷಿನ್ ಎತ್ತಿ ಲಾರಿಗೆ ಹಾಕಿ!"

ಯಾರೂ ಅಲ್ಲಾಡಲಿಲ್ಲ. ಕೂಲಿಯವರಲ್ಲಿ ಎಲ್ಲರಿಗಿಂತ ದಪ್ಪಗಿದ್ದವನು ಬರೀ ಬನಿಯನ್ನಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದ.

"ಸ್ವಲ್ಪ ತಡೀರಿ ಸಾರ್," ಎಂದ. "ನನ್ನ ಅಂಗಿ ತೋಳು ಕಿತ್ತೋಗಿತ್ತು. ಅಣ್ಣ ಹೊಲೀತಾ ಇದಾನೆ."

ಅವನ ಹಿಂದೆ ಇನ್ನೊಬ್ಬ ಅಂಗಿಯ ಗುಂಡಿ ಬಿಚ್ಚತೊಡಗಿದ.